ಲಿಫ್ಟರ್ ಲಗಮಣ್ಣನಿಗೆ ಮಾಡಿದ ಸನ್ಮಾನ

ಒಂದೂರಿನ ಕಾಲೇಜಿನಲ್ಲಿ ಚೆಂಡು ಎತ್ತಿಕೊಡುವವನೊಬ್ಬನಿದ್ದ.

ನಗಬೇಡಿ. ಪ್ರವಚನದಲ್ಲಿ ರಾಜನ ಕಥೆ ಬರಬೇಕು, ಶ್ರೀಮಂತನ ಕಥೆ ಬರಬೇಕು, ಇದೇನು ಚೆಂಡಿನವನ ಕಥೆ ಅಂತ ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಕೇಳಿಸಿತು. ರಾಜರ ಕಥೆ ಕೇಳಿದರೆ ನಿಮಗೆ ನಿದ್ದೆ ಬರುತ್ತದೆ. ಈ ಕಥೆ ಕೇಳಿದರೆ ಸಿಟ್ಟು ಬರುತ್ತದೆ. ಬರಲಿ. ಮರ್ಯಾದೆ ಕೊಡುವುದು ಅಂದರೆ ಏನು ಅಂತ ನಿನ್ನೆ ಒಬ್ಬರು ಕೇಳಿದ್ದರು. ಅದಕ್ಕೆ ಉತ್ತರ ಇದು. ಬಾಯಿ ಮುಚ್ಚಿ ಕೇಳಿ.

ಅವನ ಹೆಸರು ಲಗಮಣ್ಣ ಅಂತ ಇಟ್ಟುಕೊಳ್ಳಿ. ತಂದೆ ಇರಲಿಲ್ಲ. ತಾಯಿ ಸಾವಂತ್ರೆವ್ವ ಸಂತೆಯಲ್ಲಿ ಕೊತ್ತಂಬರಿ, ಮೆಂತ್ಯ, ಹಸಿಮೆಣಸಿನಕಾಯಿ ಮಾರುವವಳು. ಆ ಗಳಿಕೆಯಲ್ಲೇ ಮಗನನ್ನು ತಾಲ್ಲೂಕಿನ ಕಾಲೇಜಿಗೆ ಹಚ್ಚಿದ್ದಳು. ಓದಿನಲ್ಲಿ ಅವನು ಹಾಗೂ ಹೀಗೂ ಪಾಸಾಗುತ್ತಿದ್ದ. ವಾಲಿಬಾಲ್ ಅಂಗಳಕ್ಕೆ ಇಳಿದರೆ ಮಾತ್ರ ಬೇರೆಯೇ ಮನುಷ್ಯ.

ವಾಲಿಬಾಲ್ ನೀವೆಲ್ಲ ನೋಡಿದ್ದೀರಿ. ಬಲೆಯ ಆಚೆಯಿಂದ ಚೆಂಡು ಬರುತ್ತದೆ, ಹಿಂದೆ ನಿಂತವನು ತಡೆಯುತ್ತಾನೆ. ಬಲೆಯ ಹತ್ತಿರ ನಿಂತವನು ಅದನ್ನು ಬೆರಳ ತುದಿಯಿಂದ ಮೇಲಕ್ಕೆತ್ತಿ ಕೊಡುತ್ತಾನೆ. ಇನ್ನೊಬ್ಬ ಹಾರಿ ಬಡಿಯುತ್ತಾನೆ. ನೀವು ಕುಣಿಯುತ್ತೀರಿ. ಯಾರ ಹೆಸರು ಹಿಡಿದು? ಬಡಿದವನದು. ನಡುವೆ ಎತ್ತಿಕೊಟ್ಟನಲ್ಲ, ಅವನ ಮುಖ ನೆನಪಿದೆಯಾ? ಇಲ್ಲ. ಅವನೇ ಲಿಫ್ಟರ್. ಯಾರಿಗೆ ಕೊಡಬೇಕು, ಎಷ್ಟು ಎತ್ತರಕ್ಕೆ ಕೊಡಬೇಕು, ಎದುರಿನವರನ್ನು ಹೇಗೆ ಮೋಸಗೊಳಿಸಬೇಕು, ಎಲ್ಲ ತೀರ್ಮಾನ ಅವನದು. ತಂಡಕ್ಕೆ ತಲೆ ಅವನು. ಆದರೆ ಜನಕ್ಕೆ ತಲೆ ಕಾಣುವುದಿಲ್ಲ, ತೋಳು ಕಾಣುತ್ತದೆ.

ಲಗಮಣ್ಣನಿಗೆ ಒಂದು ವರ ಇತ್ತು. ಚೆಂಡು ತಲೆಯ ಮೇಲೆ ಬರುವಾಗ ಅವನ ಕಣ್ಣು ಚೆಂಡಿನ ಮೇಲಿರುತ್ತಿತ್ತು, ಕಿವಿ ಗೆಳೆಯರ ಮೇಲಿರುತ್ತಿತ್ತು. ಬೆನ್ನ ಹಿಂದಿನಿಂದ "ಲಗಮಾ!" ಅಂತ ಒಂದು ಕೂಗು ಬಂದರೆ ಸಾಕು. ತಿರುಗುತ್ತಿರಲಿಲ್ಲ, ನೋಡುತ್ತಿರಲಿಲ್ಲ, ದನಿ ಎಲ್ಲಿಂದ ಬಂತೋ ಅಲ್ಲಿಗೇ ಚೆಂಡು ಹೋಗಿ ನಿಲ್ಲುತ್ತಿತ್ತು. ಎದುರಿನವರು ಎಡಕ್ಕೆ ಹಾರಿ ತಡೆಯಲು ನಿಂತರೆ ಬಲಕ್ಕೆ ಬಡಿತ ಬಿದ್ದಿರುತ್ತಿತ್ತು. ಅವನ ಚೆಂಡು ಬಡಿದು ಬಡಿದು ಊರಿನಲ್ಲಿ ಹೆಸರಾದವನು ರುದ್ರಗೌಡ ಎನ್ನುವ ಎತ್ತರದ ಹುಡುಗ. ಕಾಲೇಜಿಗೆ ಕಟ್ಟಡ ಕಟ್ಟಿಸಿಕೊಟ್ಟ ಗೌಡರ ಮಗ. ಚಹಾದ ಅಂಗಡಿಯಲ್ಲಿ ಅವನಿಗೆ ಕುರ್ಚಿ ಒರೆಸಿ ಕೊಡುತ್ತಿದ್ದರು. ಲಗಮಣ್ಣ ಪಕ್ಕದಲ್ಲೇ ನಿಂತು ಚಹಾ ಕುಡಿಯುತ್ತಿದ್ದ. ಅದರಿಂದ ಅವನಿಗೆ ಬೇಸರವೂ ಇರಲಿಲ್ಲ. ಬಲೆಯ ಹತ್ತಿರದ ಆ ಜಾಗ ಇದ್ದರೆ ಅವನಿಗೆ ಬೇರೆ ಕುರ್ಚಿ ಬೇಕಾಗಿರಲಿಲ್ಲ.

ಎರಡನೆಯ ವರ್ಷದ ಪರೀಕ್ಷೆ ಮುಗಿದಾಗ ಸೈನ್ಯದವರು ಭರ್ತಿಗೆ ಬಂದರು. ಅವನು ಸೇರಿಕೊಂಡ. ಸಂಬಳ ಬರುತ್ತದೆ, ಸೈನ್ಯದಲ್ಲೂ ವಾಲಿಬಾಲ್ ಆಡಿಸುತ್ತಾರೆ ಅಂತ ಲೆಕ್ಕ ಹಾಕಿದ್ದ. ತರಬೇತಿ ಮುಗಿದು ಹೆಚ್ಚು ಕಾಲ ಆಗಿರಲಿಲ್ಲ, ಗಡಿಯಲ್ಲಿ ಯುದ್ಧ ಹತ್ತಿತು. ಹಿಮದ ಬೆಟ್ಟದ ಬುಡದಲ್ಲಿ ಅವನನ್ನು ತೋಪಿಗೆ ಗುಂಡು ತುಂಬುವ ಕೆಲಸಕ್ಕೆ ನಿಲ್ಲಿಸಿದರು. ಒಂದು ಮಧ್ಯಾಹ್ನ ವೈರಿಯ ಗುಂಡು ಅವರ ತೋಪಿನ ಪಕ್ಕದಲ್ಲೇ ಬಂದು ಬಿತ್ತು. ಜೊತೆಗೆ ನಿಂತಿದ್ದವರು ಉಳಿಯಲಿಲ್ಲ. ಇವನು ಉಳಿದ. ಕೈಕಾಲು ಗಟ್ಟಿಯಾಗಿದ್ದವು, ಕಣ್ಣು ಗಟ್ಟಿಯಾಗಿತ್ತು. ಕಿವಿ ಹೋಗಿತ್ತು. ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಗೆ ಎದುರು ನಿಂತು ಜೋರಾಗಿ ಹೇಳಿದರೆ, ತುಟಿಯನ್ನೂ ನೋಡಿದರೆ, ಮಾತು ತಿಳಿಯುತ್ತಿತ್ತು. ಬೆನ್ನ ಹಿಂದಿನದು ಏನೂ ಕೇಳಿಸುತ್ತಿರಲಿಲ್ಲ. ಸೈನ್ಯದವರು ಆಸ್ಪತ್ರೆಯಲ್ಲಿಟ್ಟು, ಪದಕ ಕೊಟ್ಟು, ಮನೆಗೆ ಕಳಿಸಿದರು.

ಊರು ಏನು ಮಾಡಿತು? ಊರು ಮೆರವಣಿಗೆ ಮಾಡಿತು.

ತೆರೆದ ಜೀಪು, ಮುಂದೆ ಹಲಗೆ ಬಾರಿಸುವವರು, ಹಿಂದೆ ಶಾಲೆಯ ಮಕ್ಕಳು. ಪ್ರಿನ್ಸಿಪಾಲರು ಮೈಕು ಹಿಡಿದು ಕಣ್ಣು ಒರೆಸಿಕೊಂಡರು. ತಲೆಗೆ ಪಟಗ ಸುತ್ತಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಒಬ್ಬ ಪುಢಾರಿ ಅವನ ಹೆಗಲ ಮೇಲೆ ಕೈಹಾಕಿ ಕೇಳಿದ, "ಎಷ್ಟ ಮಂದಿ ವೈರಿಗಳನ್ನ ಹೊಡದಿರಿ?" ಲಗಮಣ್ಣನಿಗೆ ಕೇಳಿಸಲಿಲ್ಲ. ಮುಗುಳ್ನಕ್ಕ. ಜನ ಅದನ್ನೇ ವಿನಯ ಎಂದು ತಿಳಿದು ಮತ್ತೊಮ್ಮೆ ಜೈಕಾರ ಹಾಕಿದರು. ಸತ್ತುಹೋದ ಅವನ ಗೆಳೆಯರ ಹೆಸರೇನು ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ. ಆ ಹೆಸರುಗಳನ್ನು ಹೇಳಲಿಕ್ಕೆ ಅವನಿಗೆ ಬಹಳ ಆಸೆ ಇತ್ತು.

ಮರುದಿನವೇ ಅವನು ಕಾಲೇಜಿಗೆ ಹೋಗಿ ಬಿಟ್ಟ ಓದಿಗೆ ಮತ್ತೆ ಹೆಸರು ಹಚ್ಚಿದ. ಸಂಜೆ ಅಂಗಳಕ್ಕೆ ಬಂದ. ರುದ್ರಗೌಡ ಇನ್ನೂ ಅಲ್ಲೇ ಇದ್ದ, ಒಂದು ವರ್ಷ ನಪಾಸಾಗಿ. ತಂಡದ ನಾಯಕ ಈಗ ಅವನೇ. ಎಲ್ಲರೂ ಓಡಿ ಬಂದು ಲಗಮಣ್ಣನನ್ನು ತಬ್ಬಿಕೊಂಡರು. ಪಿ.ಟಿ. ಮಾಸ್ತರು ಚೆಂಡು ಒಗೆದರು. ಅವನು ಎತ್ತಿದ. ನೋಡಿ, ಬೆರಳು ಮರೆತಿರಲಿಲ್ಲ. ಗೂಡಿನಿಂದ ಹಕ್ಕಿಯನ್ನು ಎತ್ತಿದ ಹಾಗೆ ಎತ್ತಿದ.

ಆಟ ಶುರುವಾಯಿತು. ಬೆನ್ನ ಹಿಂದಿನಿಂದ ರುದ್ರಗೌಡ ಹಳೆಯ ರೂಢಿಯಲ್ಲಿ ಕೂಗಿದ, "ಲಗಮಾ!"

ಚೆಂಡು ಎಡಕ್ಕೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ.

"ಲಗಮಾ! ಇಲ್ಲೆ ಇಲ್ಲೆ!"

ಮತ್ತೆ ಎಡಕ್ಕೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಗಮಣ್ಣ ಚೆಂಡು ಹಿಡಿದು ನಿಲ್ಲಿಸಿದ. ನಾಚಿಕೆ ಪಡಲಿಲ್ಲ. ಗಾಯ ಅಂದರೆ ಗಾಯ, ಅದರಲ್ಲಿ ಮುಚ್ಚಿಡುವುದು ಏನಿದೆ?

"ನನಗ ಹಿಂದಿನ ದನಿ ಕೇಳಂಗಿಲ್ರಪಾ. ಒಂದ ಕೆಲಸ ಮಾಡ್ರಿ. ಆಚೆ ಕಡೆಯಿಂದ ಚೆಂಡು ಬರೂಕಿಂತ ಮೊದಲ ನಾ ಹಿಂದ ತಿರುಗಿ ನೋಡ್ತೀನಿ. ಯಾರಿಗೆ ಬೇಕೋ ಅವರು ಕೈ ಎತ್ರಿ. ಅಷ್ಟ ಸಾಕು."

ಮಾಸ್ತರು ತಲೆ ಕೆರೆದುಕೊಂಡರು. ಅವನ ಎದುರು ಬಂದು, ಬಾಯಿ ದೊಡ್ಡದು ಮಾಡಿ ಹೇಳಿದರು, "ಕೈ ಎತ್ತಿದ್ರ ಎದುರಿನವರಿಗೂ ಕಾಣತೈತಲ್ಲೋ. ಅಂವಗ ಚೆಂಡು ಬರ್ತೈತಿ ಅಂತ ಗೊತ್ತಾಗತೈತಿ."

"ಇಬ್ಬರೋ ಮೂವರೋ ಎತ್ರಿ. ಕೊಡಾಂವ ನಾ ಒಬ್ಬಗ. ಅವರು ಯಾರನ್ನ ತಡೀತಾರ ತಡೀಲಿ!"

ಎಂಥ ಬುದ್ಧಿ ನೋಡಿ! ಮೊದಲು ಒಂದು ಕೂಗಿನಿಂದ ಎದುರಿನವರನ್ನು ಮೋಸಗೊಳಿಸುತ್ತಿದ್ದ, ಈಗ ಮೂರು ಕೈಗಳಿಂದ ಮೋಸಗೊಳಿಸುವ ಉಪಾಯ ಕಂಡುಹಿಡಿದಿದ್ದ. ಆಸ್ಪತ್ರೆಯ ಮಂಚದ ಮೇಲೆ ಬಿದ್ದುಕೊಂಡು ಅದನ್ನೇ ಯೋಚಿಸಿದ್ದ. ಉಳಿದವರು ಏನು ಮಾಡಬೇಕಿತ್ತು? ಒಂದು ಕೈ ಎತ್ತಬೇಕಿತ್ತು. ಕೈಗೇನು ಭಾರವೇ?

ರುದ್ರಗೌಡ ನಕ್ಕ. ಲಗಮಣ್ಣನ ಬೆನ್ನ ಹಿಂದೆ ನಿಂತೇ ನಕ್ಕ. "ಲೇ, ನಾ ಏನ ಸಾಲ್ಯಾಗ ಒಂದಕ್ಕ ಬಿಡ್ರಿ ಸರ್ ಅಂತ ಕೈ ಎತ್ತೂ ಹುಡಗೇನೋ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಸ್ತರೂ ನಕ್ಕರು. ಲಗಮಣ್ಣನೂ ನಕ್ಕ, ಎಲ್ಲರೂ ನಗುತ್ತಿದ್ದಾರೆ, ಒಪ್ಪಿಕೊಂಡಿರಬೇಕು ಅಂತ.

ಆ ಒಂದು ಜೋಕು ಮುಗಿಯಿತು ನೋಡಿ, ಆಮೇಲೆ ಆ ಅಂಗಳದಲ್ಲಿ ಕೈ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ. ಎತ್ತಿದವನನ್ನು "ಒಂದಕ್ಕ ಬಂತೇನೋ?" ಅಂತ ಕಾಡುತ್ತಿದ್ದರು. ಯಮನಪ್ಪ ಎನ್ನುವ ಒಬ್ಬ ಹುಡುಗ ಎತ್ತುತ್ತಿದ್ದ. ಅವನ ಅಪ್ಪ ಬಸ್‌ಸ್ಟ್ಯಾಂಡಿನ ಮುಂದೆ ಸೈಕಲ್ಲಿಗೆ ಪಂಕ್ಚರ್ ಹಾಕುವವನು. ಯಮನಪ್ಪ ಅಂಥ ಆಟಗಾರನೇನೂ ಅಲ್ಲ, ಆರು ಮಂದಿ ತುಂಬಲಿ ಅಂತ ಸೇರಿಸಿಕೊಂಡಿದ್ದರು. ಆದರೂ ಅವನು ಕೈ ಎತ್ತಿದಾಗ ಚೆಂಡು ಅವನಿಗೇ ಬರುತ್ತಿತ್ತು, ಅವನಿಗೆ ಬೇಕಾದ ಎತ್ತರಕ್ಕೇ ಬರುತ್ತಿತ್ತು. ತನ್ನ ಬಡಿತ ನೆಲಕ್ಕೆ ಬಿದ್ದದ್ದು ನೋಡಿ ಅವನಿಗೇ ಆಶ್ಚರ್ಯ. ಉಪಾಯ ಸರಿಯಾಗಿದೆ ಅಂತ ಇದರಿಂದ ತಿಳಿಯಬೇಕಿತ್ತು. ತಿಳಿಯುವ ಮನಸ್ಸು ಯಾರಿಗಿತ್ತು? ರುದ್ರಗೌಡ ಕೂಗುತ್ತಲೇ ಇದ್ದ, ಚೆಂಡು ಬರುತ್ತಲೇ ಇರಲಿಲ್ಲ. ಅದು ಲಗಮಣ್ಣನ ತಪ್ಪು ಅಂತ ಅವನು ಊರೆಲ್ಲ ಹೇಳಿದ. ಹೇಗೆ ಹೇಳಿದ? ಬೈದು ಹೇಳಲಿಲ್ಲ, ಹೊಗಳಿ ಹೇಳಿದ! "ಪಾಪ, ದೇಶಕ್ಕಾಗಿ ಕಿವಿ ಕೊಟ್ಟಾನ. ಅಂವನ್ನ ಇನ್ನ ಅಂಗಳದಾಗ ಓಡಸೂದು ನಮಗ ಶೋಭಾ ತರಂಗಿಲ್ಲ."

ಇಲ್ಲಿ ಕಿವಿ ಕೊಟ್ಟು ಕೇಳಿ. ಬೈದು ಹೊರಹಾಕಿದವನನ್ನು ನೀವು ಗುರುತಿಸುತ್ತೀರಿ. ಹೊಗಳಿ ಹೊರಹಾಕುವವನನ್ನು ನೀವು ಸಜ್ಜನ ಅನ್ನುತ್ತೀರಿ.

ಅಲ್ಲಿಂದ ಸನ್ಮಾನದ ಸುರಿಮಳೆ. ಊರಿನ ಸಂಘದ ವಾರ್ಷಿಕೋತ್ಸವ, ಬ್ಯಾಂಕಿನ ಹೊಸ ಶಾಖೆ, ಯಾರದೋ ಮನೆಯ ವಾಸ್ತುಶಾಂತಿ, ಎಲ್ಲ ಕಡೆ ಲಗಮಣ್ಣ ಬೇಕು. ಕೂತುಕೋ, ಶಾಲು ಹೊದ್ದುಕೋ, ಫೋಟೋಕ್ಕೆ ನಿಲ್ಲು. ಅಭ್ಯಾಸದ ಹೊತ್ತಿಗೇ ಸರಿಯಾಗಿ ಈ ಕಾರ್ಯಕ್ರಮಗಳು. ಅವನು ಬರುವಷ್ಟರಲ್ಲಿ ಅಂಗಳದಲ್ಲಿ ಬಲೆ ಬಿಚ್ಚಿ ಸುತ್ತುತ್ತಿದ್ದರು. ಕಾಲೇಜಿನಲ್ಲಿ ಮಾಸ್ತರ ಸಹಾಯಕನ ಕೆಲಸವನ್ನಾದರೂ ಕೊಡಿ, ಓದುತ್ತಲೇ ಹುಡುಗರಿಗೆ ಕಲಿಸುತ್ತೇನೆ ಅಂತ ಪ್ರಿನ್ಸಿಪಾಲರ ಮುಂದೆ ನಿಂತ. ಅವರು ಎದ್ದು ನಿಂತು ಕೈ ಮುಗಿದರು. "ಛೇ ಛೇ, ನಿಮ್ಮಂಥಾ ವೀರರನ್ನ ಅಷ್ಟ ಸಣ್ಣ ಕೆಲಸಕ್ಕ ಹಚ್ಚಿದ್ರ ಜನ ನನಗ ಉಗಳ್ತಾರ್ರೀ." ಅವತ್ತೂ ಒಂದು ಶಾಲು.

ಮನೆಯ ತುಂಬ ಶಾಲು. ಸಾವಂತ್ರೆವ್ವ ಒಂದನ್ನು ಸಂತೆಗೆ ಒಯ್ದಳು. ನೀರು ಚಿಮುಕಿಸಿ ಕೊತ್ತಂಬರಿಯ ಬುಟ್ಟಿಗೆ ಹೊದಿಸಿದಳು. ಸಂಘದ ಅಧ್ಯಕ್ಷ ನೋಡಿ ಕೆಂಡವಾದ.

"ಏ ಮುದುಕಿ, ಖಬರ ಐತೇನ ನಿನಗ? ಅದು ದೇಶದ ಮರ್ಯಾದಿ!"

"ದೇಶಕ್ಕ ಬಿಸಲ ಹತ್ತಂಗಿಲ್ಲೋ ಯಪ್ಪಾ, ನನ್ನ ಕೊತ್ತಂಬರಿಗಿ ಹತ್ತತೈತಿ. ತಗೊಂತಿ ಏನ ಒಂದ ಸಿವುಡು?"

ನೀವು ಈಗ ನಕ್ಕಿರಿ. ಅವಳು ಅವತ್ತು ನಗಲಿಲ್ಲ. ಮಗ ಸಂಜೆ ಮನೆಗೆ ಬಂದು ಗೋಡೆಗೆ ಚೆಂಡು ಹೊಡೆಯುತ್ತ ಕೂರುವುದನ್ನು ಅವಳು ದಿನಾ ನೋಡುತ್ತಿದ್ದಳು.

ಆ ವರ್ಷದ ಅಂತರ ಕಾಲೇಜು ಪಂದ್ಯಾವಳಿ ಅವರ ಅಂಗಳದಲ್ಲೇ ನಡೆಯಬೇಕಾಗಿತ್ತು. ಲಗಮಣ್ಣನಿಗೆ ಅದು ಕಾಲೇಜಿನ ಕೊನೆಯ ವರ್ಷ. ಅಲ್ಲಿ ಆಡಿ ಯಾರಾದರೂ ದೊಡ್ಡ ತಂಡದವರ ಕಣ್ಣಿಗೆ ಬಿದ್ದರೆ ಆಟವೇ ಅವನ ಬದುಕಾಗುತ್ತಿತ್ತು. ಆಡದಿದ್ದರೆ ಅಲ್ಲಿಗೆ ಮುಗಿಯಿತು. ಮಾಸ್ತರು ತಂಡದಲ್ಲಿ ಅವನ ಹೆಸರು ಸೇರಿಸಿದ್ದರು, ಪತ್ರಿಕೆಯವರಿಗೆ ಚೆಂದ ಕಾಣಲಿ ಅಂತ. ಆಡಿಸುವ ಮನಸ್ಸು ಇರಲಿಲ್ಲ. ಊರಿನ ಕಮಿಟಿಯವರು ಮನೆಗೆ ಬಂದರು. ಪಂದ್ಯಾವಳಿಯ ಉದ್ಘಾಟನೆ ನಿಮ್ಮಿಂದಲೇ ಆಗಬೇಕು, ಮೊದಲ ಚೆಂಡು ನೀವೇ ಎತ್ತಬೇಕು ಅಂದರು. ಅವನು ಕೇಳಿದ್ದು ಒಂದೇ ಮಾತು.

"ಎತ್ತಿದ ಮ್ಯಾಲೆ?"

ಅವರು ಆಮಂತ್ರಣ ಪತ್ರಿಕೆಯನ್ನು ಅವನ ಕೈಗಿಟ್ಟು ಹೊರಟರು.

ಅವತ್ತು ಅಂಗಳದ ಸುತ್ತ ಜನವೋ ಜನ. ಗೋಡೆಯ ಮೇಲೆ, ಬೇವಿನ ಮರದ ಮೇಲೆ, ಟ್ರ್ಯಾಕ್ಟರಿನ ಮೇಲೆ. ಗೆಲ್ಲುವ ತಂಡಕ್ಕೆ ಕಪ್ಪು ಕೊಟ್ಟವರು ರುದ್ರಗೌಡನ ಅಪ್ಪ, ದೊಡ್ಡ ಗೌಡರು. ಲಗಮಣ್ಣನಿಗೆ ಪಟಗ ಸುತ್ತಿ, ಶಾಲು ಹೊದಿಸಿ ಬಲೆಯ ಹತ್ತಿರ ನಿಲ್ಲಿಸಿದರು. ಮಾಸ್ತರು ಚೆಂಡು ಒಗೆದರು, ಅವನು ಎತ್ತಿದ. ಫೋಟೋ ಸರಿ ಬರಲಿಲ್ಲ ಅಂದರು, ಮತ್ತೆ ಎತ್ತಿಸಿದರು. ಜನ ಕೂಗಿದರು. ಸಂಘದ ಅಧ್ಯಕ್ಷ ಬಂದು ಅವನ ರಟ್ಟೆ ಹಿಡಿದು ವೇದಿಕೆಯ ಕಡೆ ತಿರುಗಿಸಿದ.

ಲಗಮಣ್ಣ ತಿರುಗಲಿಲ್ಲ.

"ನಾ ಆಡ್ತೀನಿ."

"ಆಡೂದೇನ್ರೀ, ನೀವು ಮುಖ್ಯ ಅತಿಥಿಗಳು. ಅತಿಥಿ ಅಂಗಳದಾಗ ಬಿದ್ದು ಎದ್ದು ಮಾಡಿದ್ರ ಚೆಂದ ಕಾಣತೈತೇನ್ರೀ?"

ಅವನು ಪಟಗ ತೆಗೆದ, ಶಾಲು ತೆಗೆದ. ಎರಡನ್ನೂ ಮಡಚಿ ಅಧ್ಯಕ್ಷನ ಕೈಗೇ ಇಟ್ಟ. ಒಳಗೆ ಆಟದ ಬನಿಯನ್ ಹಾಕಿಕೊಂಡೇ ಬಂದಿದ್ದ. ಅಂಪೈರ್ ಪರ ಊರಿನವನು, ಯಾರ ಮುಲಾಜೂ ಇಲ್ಲದವನು. ತಂಡದಲ್ಲಿ ಹೆಸರಿದೆ, ಆಡಬಹುದು ಅಂದ.

ರುದ್ರಗೌಡ ಎದುರು ಬಂದು ನಿಂತ. ಮುಖದಲ್ಲಿ ನಗು, ಹಲ್ಲಿನಲ್ಲಿ ಸಿಟ್ಟು. "ಲಗಮಾ, ಇಷ್ಟ ಜನದ ಮುಂದ ಯಾಕ ಮರ್ಯಾದಿ ಕಳ್ಕೊಂತೀ?"

"ನನ್ನ ಕಿವಿ ಹೋಗೇತಿ ರುದ್ರ್ಯಾ, ಕೈ ಹೋಗಿಲ್ಲ. ನಿನ್ನ ಕೈ ಹೋಗೇತೇನು? ಒಂದ ಕೈ ಎತ್ತಾಕ ಏನ ತ್ರಾಸ ನಿನಗ?"

ರುದ್ರಗೌಡ ತನ್ನ ಜಾಗಕ್ಕೆ ಹೋದ.

ಆಟ ಶುರುವಾಯಿತು. ಲಗಮಣ್ಣ ಹಿಂತಿರುಗಿ ನೋಡಿದ. ಒಂದೇ ಒಂದು ಕೈ ಮೇಲಿತ್ತು, ಯಮನಪ್ಪನದು. ಜನರ ನಡುವಿನಿಂದ ಯಾರೋ ಕಿರುಚಿದರು, "ಯಮನ್ಯಾ, ಗಿಡದ ಹಿಂದ ಹೋಗಲೇ!" ನಗೆ ಎದ್ದಿತು. ಯಮನಪ್ಪನ ಕಿವಿ ಕೆಂಪಾಯಿತು, ಕೈ ಕೆಳಗೆ ಬರಲಿಲ್ಲ. ಚೆಂಡು ಬಂತು. ಲಗಮಣ್ಣ ನೋಡದೆ ಹಿಂದಕ್ಕೆತ್ತಿದ. ಯಮನಪ್ಪ ಹಾರಿ ಬಡಿದ. ಪಾಯಿಂಟ್! ಮತ್ತೆ ಕೈ, ಮತ್ತೆ ಪಾಯಿಂಟ್. ಎದುರಿನವರು ಯಮನಪ್ಪನ ಮುಂದೆ ಗೋಡೆ ಕಟ್ಟಿ ನಿಂತರು. ಆಗ ಹಿಂದಿನ ಸಾಲಿನ ಇನ್ನೊಬ್ಬ ಹುಡುಗ, ಆಚೆ ಈಚೆ ನೋಡಿ, ಕಳ್ಳನ ಹಾಗೆ ಎದೆಯ ಮಟ್ಟಕ್ಕೆ ಕೈ ತಂದ. ಅಷ್ಟು ಸಾಕಾಯಿತು ಲಗಮಣ್ಣನಿಗೆ. ಚೆಂಡು ಅವನಿಗೆ ಹೋಯಿತು, ಖಾಲಿ ಜಾಗದಲ್ಲಿ ಬಿತ್ತು. ಗೋಡೆಯ ಮೇಲಿದ್ದವರು ಎದ್ದು ಕುಣಿದರು. ಯುದ್ಧದಿಂದ ಬಂದ ಮೇಲೆ ಅವನ ಮುಖದ ಮೇಲೆ ಅಂಥ ನಗು ಬಂದದ್ದು ಅವತ್ತೇ ಮೊದಲು.

ಆದರೆ ರುದ್ರಗೌಡನಿಗೆ ಒಂದೂ ಚೆಂಡು ಬಂದಿರಲಿಲ್ಲ. "ಲಗಮಾ! ಲಗಮಾ!" ಅಂತ ಗಂಟಲು ಹರಿಯುವ ಹಾಗೆ ಕೂಗಿದ. ಕೂಗು ಮೈಲಿಗಟ್ಟಲೆ ಕೇಳಿರಬೇಕು. ಲಗಮಣ್ಣ ಅವನ ಕಡೆ ತಿರುಗಿ, ತನ್ನ ಕೈಯನ್ನೇ ಮೇಲಕ್ಕೆತ್ತಿ ತೋರಿಸಿದ, ಹೀಗೆ ಎತ್ತು ಅಂತ. ಬೇಡಿಕೊಂಡ ಹಾಗಿತ್ತು ಅದು. ರುದ್ರಗೌಡ ಎರಡೂ ಕೈ ಸೊಂಟದ ಮೇಲಿಟ್ಟು ನಿಂತುಬಿಟ್ಟ. ಆಮೇಲೆ ಅಂಗಳ ಬಿಟ್ಟು ನೇರ ಮಾಸ್ತರ ಹತ್ತಿರ ಹೋದ.

"ಅಂವ ಇರಬೇಕು, ಇಲ್ಲಾ ನಾ ಇರಬೇಕು."

ಮಾಸ್ತರು ವೇದಿಕೆಯ ಕಡೆ ನೋಡಿದರು. ವೇದಿಕೆಯ ಮೇಲೆ ದೊಡ್ಡ ಗೌಡರು, ಅವರ ಮುಂದೆ ಅವರೇ ಕೊಟ್ಟ ಕಪ್ಪು. ಗೌಡರು ಬಾಯಿಬಿಟ್ಟು ಹೇಳುವ ಅಗತ್ಯ ಇತ್ತೇ? ಪ್ರಿನ್ಸಿಪಾಲರು ಮೈಕಿನವನ ಕಿವಿಯಲ್ಲಿ ಏನೋ ಹೇಳಿದರು. ಮೈಕಿನವನು ಗಂಟಲು ಸರಿಮಾಡಿಕೊಂಡ.

"ಬಂಧುಗಳೇ, ದೇಶಕ್ಕಾಗಿ ತಮ್ಮ ಶರೀರವನ್ನೇ ಪಣಕ್ಕಿಟ್ಟ ನಮ್ಮ ವೀರಯೋಧರಿಗೆ ದಣಿವಾಗಿರುವ ಕಾರಣ ಅವರು ವಿಶ್ರಾಂತಿ ಪಡೆಯಲಿದ್ದಾರೆ. ದಯವಿಟ್ಟು ಎಲ್ಲರೂ ಎದ್ದು ನಿಂತು, ಜೋರಾದ ಚಪ್ಪಾಳೆ!"

ದಣಿವಂತೆ! ಹಿಮದ ಬೆಟ್ಟದ ಬುಡದಲ್ಲಿ ತೋಪಿಗೆ ಗುಂಡು ತುಂಬಿದವನಿಗೆ ನಾಲ್ಕು ಪಾಯಿಂಟಿನ ಆಟ ಆಡಿ ದಣಿವಂತೆ!

ಲಗಮಣ್ಣನಿಗೆ ಮೈಕಿನ ಮಾತು ಕೇಳಲಿಲ್ಲ. ಬದಲಿ ಲಿಫ್ಟರ್ ಅಂಗಳದೊಳಗೆ ಬರುವುದು ಕಂಡಿತು. ತಲೆಯೆತ್ತಿ ಸುತ್ತ ನೋಡಿದ. ಇಡೀ ಊರು ಎದ್ದು ನಿಂತಿತ್ತು. ಗೋಡೆಯ ಮೇಲಿನವರು, ಮರದ ಮೇಲಿನವರು, ವೇದಿಕೆಯ ಮೇಲಿನವರು, ಎಲ್ಲರ ಎರಡೆರಡು ಕೈಗಳು ತಲೆಯ ಮೇಲಕ್ಕೆ ಎದ್ದಿದ್ದವು. ಒಂದು ಕೈ ಎತ್ತಿರಪ್ಪಾ ಅಂತ ಕೇಳಿದಾಗ ಎತ್ತದ ಊರು, ಅವನನ್ನು ಹೊರಗೆ ಕಳಿಸುವಾಗ ಎರಡೂ ಕೈ ಎತ್ತಿ ತಟ್ಟುತ್ತಿತ್ತು. ಸದ್ದು ಇಲ್ಲದ ಚಪ್ಪಾಳೆ ಹೇಗೆ ಕಾಣುತ್ತದೆ ಗೊತ್ತೇ? ಸಾವಿರ ಮಂದಿ ಸೇರಿ ಸೊಳ್ಳೆ ಹೊಡೆದ ಹಾಗೆ ಕಾಣುತ್ತದೆ.

ಯಮನಪ್ಪ ಮಾತ್ರ ತಟ್ಟಲಿಲ್ಲ. ಅಂಗಳದ ನಡುವೆ ತಲೆ ತಗ್ಗಿಸಿ ನಿಂತಿದ್ದ.

ಈಗ ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ, ನೀವು ಕಾಯುತ್ತಿದ್ದೀರಿ. ಇವನಿಲ್ಲದೆ ತಂಡ ಸೋತಿತು, ರುದ್ರಗೌಡ ಓಡಿ ಬಂದು ಕಾಲಿಗೆ ಬಿದ್ದ, ಇವನು ಮತ್ತೆ ಅಂಗಳಕ್ಕಿಳಿದು ಗೆಲ್ಲಿಸಿದ ಅಂತ ನಾನು ಹೇಳಲಿ, ನೀವು ಸಮಾಧಾನದಿಂದ ಮನೆಗೆ ಹೋಗಲಿ ಅಂತ. ಹೇಳುವುದಿಲ್ಲ. ತಂಡ ಗೆದ್ದಿತು. ಕಪ್ಪು ಗೌಡರ ಮನೆಯಿಂದ ಬಂದದ್ದು ಗೌಡರ ಮನೆಗೇ ವಾಪಸು ಹೋಯಿತು. ಪಟಾಕಿ ಹೊಡೆದರು. ಅನ್ಯಾಯ ಮಾಡಿದವರು ಸೋಲಲೇಬೇಕು ಅಂತ ಎಲ್ಲಿದೆ? ಅವರು ಗೆಲ್ಲುತ್ತಾರೆ, ಗೆದ್ದು ಸಿಹಿ ಹಂಚುತ್ತಾರೆ, ಅದಕ್ಕೇ ಅಲ್ಲವೇ ನಿಮಗೆ ಅದು ಅನ್ಯಾಯ ಅಂತ ಅನ್ನಿಸುವುದೇ ಇಲ್ಲ?

ಲಗಮಣ್ಣ ಪರೀಕ್ಷೆ ಮುಗಿಸಿದ. ಆಮೇಲೆ ಜಿಲ್ಲಾ ಊರಿನಲ್ಲಿ ಒಂದು ಬ್ಯಾಂಕಿನ ಬಾಗಿಲಿಗೆ ಕಾವಲುಗಾರನಾದ. ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂರುವ ಕೆಲಸ. ಚೆಂಡನ್ನು ಹಕ್ಕಿಯ ಹಾಗೆ ಎತ್ತುತ್ತಿದ್ದ ಬೆರಳುಗಳು ಬಾಗಿಲ ಹಿಡಿಕೆ ಎಳೆಯುವುದರಲ್ಲಿ ದಪ್ಪವಾದವು. ರಜೆಯಲ್ಲಿ ಊರಿಗೆ ಬಂದಾಗ ಪಂಕ್ಚರ್ ಅಂಗಡಿಯ ಹಿಂದಿನ ಬಯಲಿಗೆ ಹೋಗುತ್ತಿದ್ದ. ಯಮನಪ್ಪ ಒಗೆಯುವುದು, ಕೈ ಎತ್ತುವುದು, ಲಗಮಣ್ಣ ಎತ್ತಿಕೊಡುವುದು, ಯಮನಪ್ಪ ಬಡಿಯುವುದು, ತಾನೇ ಓಡಿ ಚೆಂಡು ತರುವುದು. ಇಬ್ಬರೂ ಬೆವರುವ ತನಕ ಆಡುತ್ತಿದ್ದರು. ಚೆಂದವಾಗಿತ್ತು. ಆದರೆ ಇಬ್ಬರಿಂದ ತಂಡವಾಗುವುದಿಲ್ಲ, ನೋಡಿ. ಉಳಿದ ನಾಲ್ಕು ಮಂದಿ ಆ ಊರಲ್ಲಿ ಸಿಗಲಿಲ್ಲ.

ಅಂಥ ಒಂದು ರಜೆಯಲ್ಲಿ ಕಮಿಟಿಯವರು ಮತ್ತೆ ಅವನ ಮನೆಗೆ ಹೋದರು, ಸ್ವಾತಂತ್ರ್ಯ ದಿನಕ್ಕೆ ಸನ್ಮಾನಕ್ಕೆ ಬನ್ನಿ ಅಂತ.

"ಬರ್ತೀನಿ," ಅಂದ. "ಸನ್ಮಾನ ಬ್ಯಾಡ. ಒಂದ ಆಟ ಆಡಸ್ರಿ."

"ನೋಡೂಣ್ರೀ ಸರ್," ಅಂದರು. ಮೆಟ್ಟಿಲು ಇಳಿಯುತ್ತ ಒಬ್ಬ ಇನ್ನೊಬ್ಬನಿಗೆ ಹೇಳಿದ, "ಭಾಳ ಸೊಕ್ಕ ಬಂದೈತಿ ನೋಡ ಇಂವಗ. ಮಿಲ್ಟ್ರಿ ಸೊಕ್ಕ." ಬೆನ್ನ ಹಿಂದೆ ಹೇಳಿದ ಮಾತು, ಲಗಮಣ್ಣನಿಗೆ ಕೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸಾವಂತ್ರೆವ್ವನಿಗೆ ಕೇಳಿತು. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ. ಅವನು ಸತ್ತ ಮೇಲೆ ವೃತ್ತಕ್ಕೆ ಅವನ ಹೆಸರಿಡುತ್ತಾರೆ, ಅನುಮಾನ ಬೇಡ.

ಕಥೆ ಇಷ್ಟೇ. ಈಗ ನಿಮ್ಮ ಸರದಿ.

ನಿಮಗೆ ರುದ್ರಗೌಡನ ಮೇಲೆ ಸಿಟ್ಟು ಬಂದಿದೆ. ಬಹಳ ಸುಲಭದ ಸಿಟ್ಟು ಅದು. ಗೋಡೆಯ ಮೇಲೆ ನಿಂತು ಕೈ ತಟ್ಟಿದವರು ಯಾರು? ಅವರಿಗೆ ಹೆಸರಿಲ್ಲ, ನಿಮ್ಮ ಹಾಗೆ. ಅವರು ಯಾರೂ ಕೆಟ್ಟವರಲ್ಲ, ನಿಮ್ಮ ಹಾಗೆ. ಒಬ್ಬ ಮನುಷ್ಯನಿಗೆ ಬೇಕಾದದ್ದು ಏನು ಅಂತ ಅವನು ಬಾಯಿಬಿಟ್ಟು ಹೇಳುತ್ತಿದ್ದ. ಅದನ್ನು ಕೊಡುವುದಾದರೆ ತಮ್ಮ ರೂಢಿ ಒಂದಿಷ್ಟು ಬದಲಾಗಬೇಕಿತ್ತು. ರೂಢಿ ಬದಲಿಸುವುದಕ್ಕಿಂತ ಪೂಜೆ ಮಾಡುವುದು ಸಲೀಸು. ಅದಕ್ಕೇ ಪೂಜೆ ಮಾಡಿದರು.

ನಿಮ್ಮ ಮನೆಗಳಲ್ಲಿ ಕಿವಿ ಮಂದವಾದ ಹಿರಿಯರಿಲ್ಲವೇ? ಹುಟ್ಟುಹಬ್ಬಕ್ಕೆ ಕಾಲಿಗೆ ಬಿದ್ದು ಫೋಟೋ ತೆಗೆಸಿಕೊಳ್ಳುತ್ತೀರಿ. ಉಳಿದ ದಿನ ಒಳಕೋಣೆಯಿಂದಲೇ ಕಿರುಚಿ, ಅವರಿಗೆ ಕೇಳದಿದ್ದರೆ "ಎಷ್ಟ ಸಲ ಹೇಳಬೇಕು ನಿನಗ?" ಅಂತ ಬೈಯುತ್ತೀರಿ. ಎದ್ದು ಹೋಗಿ, ಎದುರು ಕೂತು, ಮುಖ ನೋಡಿ ಹೇಳಿ. ನಾಳೆಯಿಂದಲ್ಲ, ಇವತ್ತು ಮನೆ ಮುಟ್ಟಿದ ಕೂಡಲೇ. ಬೀದಿ ಗುಡಿಸುವವರ ಪಾದ ತೊಳೆದು ವೇದಿಕೆಯ ಮೇಲೆ ಕಣ್ಣೀರು ಹಾಕುತ್ತೀರಿ. ಮರುದಿನ ಒಡೆದ ಗಾಜನ್ನು ಕಸದಲ್ಲಿ ಹಾಗೇ ಎಸೆಯುತ್ತೀರಿ, ಅವರ ಕೈ ಕೊಯ್ಯಲಿ ಅಂತ. ಪಾದ ತೊಳೆಯಬೇಡಿ. ಗಾಜನ್ನು ಕಾಗದದಲ್ಲಿ ಸುತ್ತಿ ಬೇರೆ ಇಡಿ. ಅವರಿಗೆ ಬೇಕಾದದ್ದು ಅಷ್ಟೇ. ಯಾರನ್ನಾದರೂ ಹೊಗಳಬೇಕು ಅಂತ ಬಾಯಿ ತುರಿಸಿದಾಗ ಮೊದಲು ಕೇಳಿ, ನಿನಗೆ ಏನು ಬೇಕು ಅಂತ. ಕೇಳಿದ ಮೇಲೆ ಅದನ್ನೇ ಮಾಡಿ. ಅದನ್ನು ಮಾಡುವಾಗ ನಾಲ್ಕು ಮಂದಿ ನಕ್ಕರೆ ನಗಲಿ, ಸಾಯುವುದಿಲ್ಲ ನೀವು.

ಇನ್ನೊಂದು. ಪ್ರವಚನ ಶುರುವಾದ ದಿನದಿಂದ ಈ ಮಂಟಪದ ಹಿಂದೆ ಒಲೆ ಉರಿಯುತ್ತಿದೆ. ರೊಟ್ಟಿ ಬಡಿಯುವ ಸದ್ದು ಈಗಲೂ ಬರುತ್ತಿದೆ, ಕೇಳಿ. ನಿಮ್ಮೂರಿನ ಹೆಣ್ಣುಮಕ್ಕಳು ಅವರು. ಒಂದು ದಿನವೂ ಇಲ್ಲಿ ಬಂದು ಕೂತಿಲ್ಲ, ಒಂದು ಮಾತೂ ಕೇಳಿಲ್ಲ. ನೀವು ಉಂಡು ಎದ್ದ ಮೇಲೆ, ತಣ್ಣಗಾದ ಸಾರಿನಲ್ಲಿ ಉಳಿದ ರೊಟ್ಟಿ ಮುರಿದು ತಿನ್ನುತ್ತಾರೆ. ಕೊನೆಯ ದಿನ ಅವರನ್ನು ವೇದಿಕೆಗೆ ಕರೆ ತಂದು, ಅನ್ನಪೂರ್ಣೆಯರು ಅಂತ ಕರೆದು, ಉಡಿ ತುಂಬಬೇಕು ಅಂತ ನಿಮ್ಮ ಪ್ರವಚನ ಕಮಿಟಿಯವರು ನನ್ನ ಹತ್ತಿರ ಬಹಳ ಹೆಮ್ಮೆಯಿಂದ ಹೇಳಿದರು. ನಾನು ಬೆಳಿಗ್ಗೆ ಒಳಗೆ ಹೋಗಿ ಅವರನ್ನೇ ಕೇಳಿದೆ, ನಿಮಗೆ ಏನು ಬೇಕು ತಾಯಿ ಅಂತ. ಒಬ್ಬಾಕೆ ಹಿಟ್ಟಿನ ಕೈ ಒರೆಸಿಕೊಂಡು ಹೇಳಿದಳು, "ಒಂದ ದಿನ ಬಿಸಿ ಬಿಸಿ ಉಣ್ಣಬೇಕನಸೇತ್ರಿ ಅಪ್ಪಾರ."

ಕೇಳಿಸಿತೇ? ಇವತ್ತು ಮೊದಲ ಪಂಕ್ತಿ ಅವರದು. ಗಂಡಸರೆಲ್ಲ ಒಳಗೆ ಹೋಗಿ. ಸೌಟು ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಹುಡುಕಿ. ರೊಟ್ಟಿ ನೀವು ಬಡಿಯಿರಿ, ವಕ್ರವಾದರೆ ಆಗಲಿ, ಹೊತ್ತಿದರೆ ಹೊತ್ತಲಿ, ಬಿಸಿ ಇದ್ದರೆ ಸಾಕು. ಅಭ್ಯಾಸಬಲದಿಂದ ಅವರು ಎದ್ದು ಬಂದರೆ ಕೈ ಹಿಡಿದು ಮತ್ತೆ ಕೂರಿಸಿ. ಅವರು ಕೈ ತೊಳೆದ ಮೇಲೆ ಮಂಗಳಾರತಿ. ಅಲ್ಲಿಯ ತನಕ ದೇವರು ಕಾಯುತ್ತಾನೆ, ನಾನೂ ಕಾಯುತ್ತೇನೆ.

ಏನು ನೋಡುತ್ತ ಕೂತಿದ್ದೀರಿ? ಏಳಿ.